ಎರಡು ಗಂಜಿಯ ಕಂಬಳಿ

ಇಸವಿ ಬರೆದಿಡುವವರು ಯಾರೂ ಇಲ್ಲದ ಕಾಲದಲ್ಲಿ, ಮರಡಿಹಟ್ಟಿ ಎಂಬ ಒಂದು ಊರಿನಲ್ಲಿ, ಮಾಳಪ್ಪ ಎಂಬ ಒಬ್ಬ ಹುಡುಗನಿದ್ದ. ಊರು ಈಗಲೂ ಇದೆ. ಹುಡುಗ ಇದ್ದದ್ದು ಹತ್ತೊಂಬತ್ತು ವರ್ಷ ತುಂಬುವವರೆಗೂ ಅಲ್ಲ, ಅದಕ್ಕೆ ಇನ್ನೂ ಎರಡು ತಿಂಗಳು ಬೇಕಿತ್ತು.

ಅವನ ವಿಷಯದಲ್ಲಿ ಜನ ಬಹಳ ಹೇಳುತ್ತಾರೆ. ಬೇಕೆಂದಾಗ ಕರಿ ಟಗರಾಗುತ್ತಿದ್ದ ಎನ್ನುತ್ತಾರೆ. ಜಾಲಿಕುಂಟೆಯ ನೀರನ್ನೆಲ್ಲ ಕಂಬಳಿಯಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತು ತಂದ ಎನ್ನುತ್ತಾರೆ. ಏಳು ಗುಂಡು ತಗುಲಿದರೂ ನಿಂತೇ ಇದ್ದ ಎನ್ನುತ್ತಾರೆ. ನಾನು ಹೇಳುವುದು ನಮ್ಮಜ್ಜಿ ಹೇಳಿದ್ದು. ಅವಳಿಗೆ ಅವಳ ಅಜ್ಜಿ ಹೇಳಿದ್ದು. ನಮ್ಮಜ್ಜಿ ಗುಂಡು ಒಂದೇ ಎನ್ನುತ್ತಿದ್ದಳು. ಒಂದು ಸಾಕಿತ್ತು.

ಮರಡಿಹಟ್ಟಿಯಲ್ಲಿ ಆಗ ಎಲ್ಲರ ಮನೆಯಲ್ಲೂ ಕರಿ ಕುರಿ, ಎಲ್ಲರ ಮನೆಯಲ್ಲೂ ಕಂಬಳಿಯ ಮಗ್ಗ. ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಹೆಂಗಸರು ಉಣ್ಣೆ ನೂಲುತ್ತಿದ್ದರು, ಗಂಡಸರು ನೇಯುತ್ತಿದ್ದರು. ನೇಯುವ ಮೊದಲು, ಮಗ್ಗದ ಉದ್ದಕ್ಕೆ ಹೂಡುವ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ಬೀಜ ಹುರಿದು, ಸಿಪ್ಪೆ ಕಳೆದು, ಬೀಸಿ, ನೀರಿನಲ್ಲಿ ಕುದಿಸಿದ ಬಿಳಿ ಗಂಜಿ. ಗಂಜಿ ಕುಡಿದ ನೂಲು ಬಿಗಿಯಾಗುತ್ತದೆ. ಬಿಗಿಯಾದ ಕಂಬಳಿಯೊಳಗೆ ಗಾಳಿ ನುಗ್ಗುವುದಿಲ್ಲ, ಮಳೆ ಇಳಿಯುವುದಿಲ್ಲ. ಒಂದು ಕಂಬಳಿಗೆ ಒಂದು ಗಂಜಿ. ಅದು ಊರಿನ ಅಳತೆ.

ಮಾಳಪ್ಪನ ತಾಯಿ ಕೆಂಚವ್ವ. ಅವನಿಗೆ ಮೂರು ವರ್ಷವಾಗಿದ್ದಾಗ ಗಂಡ ತೀರಿಕೊಂಡ. ಮಗ್ಗ ಖಾಲಿಯಾಯಿತು. ಕೆಂಚವ್ವ ಒಂದು ತಿಂಗಳು ಖಾಲಿ ಮಗ್ಗವನ್ನು ನೋಡಿದಳು, ಆಮೇಲೆ ತಾನೇ ಕುಣಿಗಿಳಿದಳು. ಹೆಂಗಸು ಮಗ್ಗದ ಕುಣಿಗೆ ಇಳಿದರೆ ಮಳೆ ಹೋಗುತ್ತದೆ ಎಂದು ಊರು ಆಡಿಕೊಂಡಿತು. ಆ ವರ್ಷ ಮಳೆ ಬಂತು. ಮುಂದಿನ ವರ್ಷವೂ ಬಂತು. ನಾಲ್ಕನೆಯ ವರ್ಷದ ಹೊತ್ತಿಗೆ ಕೆಂಚವ್ವ ನೇಯ್ದ ಕಂಬಳಿ ಎಂದರೆ ಹತ್ತು ಊರಿನವರು ಕಾದು ನಿಲ್ಲುವಂತಾಯಿತು. ಅವಳ ಕಂಬಳಿಯಲ್ಲಿ ಹಾಲು ಹೊಯ್ದರೆ ಹಾಲು ನಿಲ್ಲುತ್ತಿತ್ತು ಎನ್ನುತ್ತಾರೆ. ಇದನ್ನು ಮಾತ್ರ ನಾನು ನಂಬುತ್ತೇನೆ.

ಅಂಥವಳ ಮಗನಿಗೆ ನೇಯಲು ಬರುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಹಟ ಹಿಡಿದು ಒಂದು ಕಂಬಳಿ ನೇಯ್ದ. ಅಂಚು ಸೊಟ್ಟ, ನೇಯ್ಗೆ ಸಡಿಲ. ಅವನ ಸೋದರಮಾವ ಗಾದಿಲಿಂಗ ಅದನ್ನು ಬಿಸಿಲಿಗೆ ಹಿಡಿದು ನೋಡಿದನಂತೆ.

"ಲೇ ಮಾಳ, ಇದರಾಗೆ ಹಿಟ್ಟು ಜರಡಿ ಹಿಡೀಬೋದಲ್ಲೋ."

"ಹಿಡಿ ಮಾವ. ನಿನ್ನ ಮನೇಲಿ ಹಿಟ್ಟಿದ್ರೆ ತಾನೆ?"

ಕೆಂಚವ್ವ ನಗಲಿಲ್ಲ. ಅದನ್ನು ಬಿಚ್ಚಿ ಹಾಕು, ನಾನು ಬೇರೆ ನೇಯ್ದು ಕೊಡುತ್ತೇನೆ ಎಂದಳು. ಮಾಳಪ್ಪ ಒಪ್ಪಲಿಲ್ಲ. ಬೇಸಿಗೆಯಲ್ಲಿ ಹಾಸಿಕೊಂಡ, ಮಳೆಯಲ್ಲಿ ಹೊದ್ದು ತೊಯ್ದು ತೊಪ್ಪೆಯಾದ. ಮಳೆಯಲ್ಲಿ ಅವನು ಬೀದಿಗೆ ಬಂದರೆ, ಅಗೋ ಬಂತು ಕೆಂಚವ್ವನ ಮನೆ ಜರಡಿ ಎಂದು ಜನ ನಗುತ್ತಿದ್ದರು. ತಾಯಿಗೆ ಆ ಮಾತು ಮುಳ್ಳಾಗಿತ್ತು. ಮಗನಿಗೆ ಒಂದು ಸರಿಯಾದ ಕಂಬಳಿ ಹೊದಿಸಬೇಕು ಎಂಬುದು ಅವಳ ಮನಸ್ಸಿನಲ್ಲಿ ಐದು ವರ್ಷ ಕುಳಿತಿತ್ತು.

ಐದನೆಯ ವರ್ಷ, ಮಾಘದ ಚಳಿಯಲ್ಲಿ, ಪಡುವಣ ಸೀಮೆಯ ದೊರೆಯ ದಂಡು ಬಂತು.

ನಮ್ಮ ಸೀಮೆಯ ನಾಯಕ ಡಂಗುರ ಹೊಡೆಸಿದ. ಊರು ಬಿಡಿ, ಕುರಿ ಹೊಡೆದುಕೊಂಡು ಹೊಳೆ ದಾಟಿ ಎಂದ. ಮನೆಗೊಬ್ಬ ಗಂಡಸು ಆಯುಧ ಹಿಡಿಯಬೇಕು ಎಂದ. ಹೊಳೆ ಮೂಡಣಕ್ಕೆ ಮೂರು ದಿನದ ದಾರಿ. ಹರಿಗೋಲು ಇದ್ದದ್ದು ನಾಲ್ಕೇ. ಮುದುಕರು, ಬಸುರಿಯರು, ಮಂದೆ ಎಲ್ಲ ದಾಟಲು ಒಂಬತ್ತು ದಿನ ಬೇಕೆಂದು ಲೆಕ್ಕ ಹಾಕಿದರು. ಒಂಬತ್ತು ದಿನ ದಂಡನ್ನು ಊರಿನ ಪಡುವಣಕ್ಕಿರುವ ಕಣಿವೆಯ ಬಾಯಲ್ಲಿ ತಡೆಯಬೇಕಿತ್ತು. ಅಲ್ಲಿ ಒಂದು ದೊಡ್ಡ ಬಂಡೆ ಇದೆ. ಅದರ ಮೇಲೆ ಏಳು ಜನ ಕೂತರೆ ಕೆಳಗಿನ ಸಂದಿಯಲ್ಲಿ ಒಂದು ಕುದುರೆಯೂ ನುಗ್ಗಲಾರದು. ಏಳು ಜನರನ್ನು ಆರಿಸಿದರು. ಅವರಿಗೆ ಹಿರಿಯ, ಗುರಿಕಾರ ತಿಪ್ಪಣ್ಣ. ಅವನೂ ಇನ್ನು ನಾಲ್ವರೂ ನಾಯಕನ ಕೋಟೆಯ ಕಡೆಯವರು. ಮರಡಿಹಟ್ಟಿಯಿಂದ ಇಬ್ಬರೇ: ಮಾಳಪ್ಪ, ಮತ್ತು ಅವನ ಓರಗೆಯ ಸಣ್ಣೀರ. ಇಬ್ಬರೂ ಕವಣೆ ಬೀಸುವುದರಲ್ಲಿ ಗಟ್ಟಿಗರು. ತೋಳದ ಹಣೆಗೆ ಕಲ್ಲು ಇಡುವ ಕೈಗಳು.

ಊರು ಬಿಡುವ ದಿನ ಬಾವಿಗಳಿಗೆ ಹಸಿ ಕಳ್ಳಿ ಕಡಿದು ಹಾಕಿದರು. ಕಳ್ಳಿಯ ಹಾಲು ಸೇರಿದ ನೀರನ್ನು ಯಾರೂ ಕುಡಿಯುವಂತಿಲ್ಲ. ವೈರಿಗೆ ಹನಿ ನೀರು ಸಿಗಬಾರದು ಎಂದು. ಆ ಹೊತ್ತಿಗೆ ಅದು ಜಾಣತನವಾಗಿ ಕಂಡಿತ್ತು.

ಇನ್ನೊಂದು ಪದ್ಧತಿ ಇತ್ತು. ಮಗ್ಗದ ಮೇಲೆ ಹಾಸು ಬಿಟ್ಟು ಊರು ಬಿಡಬಾರದು. ಅರ್ಧ ನೇಯ್ದ ಕಂಬಳಿ ಅರ್ಧ ಆಯುಷ್ಯ ಎನ್ನುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಹಾಸಿನ ನೂಲಿಗೆ ಅರಿಸಿನ ಇಟ್ಟು, ತಪ್ಪಾಯಿತೆಂದು ಹೇಳಿ, ಕತ್ತರಿಸಿ ಸುತ್ತಿಕೊಂಡರು. ಕೆಂಚವ್ವನ ಮಗ್ಗದ ಮೇಲೆ ಇದ್ದದ್ದು ಮಾಳಪ್ಪನಿಗೆಂದು ಹೂಡಿದ ಹಾಸು. ಮರಿಗಳ ಮೊದಲ ಉಣ್ಣೆ, ಬಣ್ಣ ಕಾಣದ ಅಪ್ಪಟ ಕರಿ. ಮುಕ್ಕಾಲು ಪಾಲು ಇನ್ನೂ ನೇಯಬೇಕಿತ್ತು. ಗಾದಿಲಿಂಗ ಕುಡುಗೋಲು ತಂದು ಕೊಟ್ಟ.

"ಕತ್ತರಿಸವ್ವ, ಹೊತ್ತಾಯ್ತು."

"ಬಂಡೆ ಮ್ಯಾಲೆ ಕೂತಿರೋ ಮಗನ ಹಾಸು ಕತ್ತರಿಸ್ತಾರೇನೋ?" ಎಂದಳು ಕೆಂಚವ್ವ. ಕುಡುಗೋಲನ್ನು ಅವನ ಕೈಗೇ ಕೊಟ್ಟಳು.

ಊರೆಲ್ಲ ಹೋಯಿತು. ಆ ಖಾಲಿ ಊರಿನಲ್ಲಿ ಎರಡು ಜೀವ ಉಳಿದವು, ಅಕ್ಕ ಮತ್ತು ತಮ್ಮ. ಒಂದು ಮಗ್ಗದ ಸದ್ದು ಉಳಿಯಿತು. ಮನೆಯಲ್ಲಿ ಮೊದಲೇ ತುಂಬಿಟ್ಟ ಎರಡು ಕೊಡ ಒಳ್ಳೆಯ ನೀರಿತ್ತು. ಇದನ್ನು ನೆನಪಿಡಿ.

ಈಗ ಬಂಡೆಯ ಮೇಲಿನ ಮಾತು ಕೇಳಿ.

ಬಂಡೆಯಿಂದ ಕೆಳಗೆ, ಕಣಿವೆಯ ಹೊರಬಾಯಲ್ಲಿ, ಜಾಲಿಕುಂಟೆ. ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ, ಬಂಡೆಯ ಬುಡದಿಂದ ನೀರಿನ ಅಂಚಿಗೆ ಮುನ್ನೂರ ನಲವತ್ತು ಹೆಜ್ಜೆ. ಕುಂಟೆಯ ಆಚೆ ದಡದಲ್ಲಿ ವೈರಿಯ ದಂಡು ಗುಡಾರ ಹಾಕಿತು. ಈಚೆ ಇಳಿಜಾರಿನಲ್ಲಿ, ಊರಿನವರು ಗಡಿಬಿಡಿಯಲ್ಲಿ ಬಿಟ್ಟುಹೋದ ಮೂವತ್ತೊಂಬತ್ತು ಕುರಿಗಳು ಮೇಯುತ್ತಿದ್ದವು. ದಂಡಿನವರು ಅವನ್ನು ಹೊಡೆದುಕೊಂಡು ಹೋಗಲಿಲ್ಲ. ಅಲ್ಲೇ ಮೇಯಲು ಬಿಟ್ಟು, ದಿನಕ್ಕೆ ನಾಲ್ಕರಂತೆ ಸಂಜೆ ಹಿಡಿದು ಕೊಯ್ಯುತ್ತಿದ್ದರು.

ಬಂಡೆಯ ಮೇಲೆ ಏಳು ಗಡಿಗೆ ನೀರು ಇಟ್ಟಿದ್ದರು. ಮೊದಲ ದಿನವೇ ವೈರಿಯ ಗುಂಡಿಗೆ ನಾಲ್ಕು ಒಡೆದವು. ಎರಡನೆಯ ದಿನ ಸಂಜೆಗೆ ಉಳಿದದ್ದೂ ಮುಗಿಯಿತು. ಹಿಂದಿನ ಹಳ್ಳ ಒಣಗಿತ್ತು. ಊರಿನ ಬಾವಿಗಳಲ್ಲಿ ಕಳ್ಳಿ ಇತ್ತು. ನೀರು ಇದ್ದದ್ದು ಕಣ್ಣೆದುರಿಗೆ, ಮುನ್ನೂರ ನಲವತ್ತು ಹೆಜ್ಜೆ ಕೆಳಗೆ.

ಮೂರನೆಯ ದಿನ ಮಾಳಪ್ಪ ಕುರಿಗಳನ್ನು ನೋಡುತ್ತ ಕುಳಿತಿದ್ದ. ಹೊತ್ತು ನೆತ್ತಿಗೆ ಬಂದಾಗ ಕುರಿಗಳು ನೀರಿಗೆ ಇಳಿಯುತ್ತವೆ. ತಲೆ ತಗ್ಗಿಸಿ, ಒಂದರ ಹೊಟ್ಟೆಯಡಿ ಒಂದು ಮುಖವಿಟ್ಟು, ಗುಂಪಾಗಿ ಹೋಗುತ್ತವೆ, ಗುಂಪಾಗಿ ಮೇಲೆ ಬರುತ್ತವೆ. ಗುಂಪಿನಲ್ಲಿ ಎಷ್ಟು ಕುರಿ ಎಂದು ದೂರದವನಿಗೆ ತಿಳಿಯುವುದಿಲ್ಲ.

ಅವನು ಜರಡಿ ಕಂಬಳಿ ಹೊದ್ದ. ಅಂಬೆಗಾಲಿಟ್ಟು ಇಳಿದ. ನಾಲಿಗೆಯಲ್ಲಿ ಲೊಟಕ್ ಎಂದು ಒಂದು ಸದ್ದು ಮಾಡಿದ. ಕುರಿಗಳಿಗೆ ಗೊತ್ತಿದ್ದ ಸದ್ದು. ಅವು ಅವನನ್ನು ನಡುವೆ ಬಿಟ್ಟುಕೊಂಡವು. ನೀರಿನ ಅಂಚಿನಲ್ಲಿ ಕಂಬಳಿಯನ್ನು ಅದ್ದಿದ. ಸಡಿಲ ನೇಯ್ಗೆಯ ಹಳೆಯ ಕಂಬಳಿ ಗಟಗಟ ನೀರು ಕುಡಿಯಿತು. ಹೊದ್ದು ಮೇಲೆ ಬಂದ. ಬಂಡೆಯ ಮೇಲೆ ಇಬ್ಬರು ಎರಡು ತುದಿ ಹಿಡಿದು ಹಿಂಡಿದರು.

ಏಳು ಕೊಡ ಬಂತು ಎನ್ನುತ್ತಾರೆ. ನಾನೊಂದು ಹಳೆಯ ಕಂಬಳಿ ನೆನೆಸಿ, ಅಷ್ಟು ಹೆಜ್ಜೆ ನಡೆದು, ಹಿಂಡಿ ನೋಡಿದ್ದೇನೆ. ಅರ್ಧ ಕೊಡ. ಉಣ್ಣೆಯ ನಾತ ಹೊಡೆಯುವ ಅರ್ಧ ಕೊಡ ನೀರು. ಏಳು ಜನ ಒಂದು ದಿನ ಬದುಕಲು ಅದು ಸಾಕು.

ಗುರಿಕಾರ ತಿಪ್ಪಣ್ಣ ಬೊಗಸೆ ನೀರು ಕುಡಿದು ಮುಖ ಕಿವುಚಿದನಂತೆ. "ಏನಲೇ ಇದು, ಟಗರಿನ ಸ್ನಾನ ಮಾಡಿಸಿ ತಂದಿಯಾ?"

"ಟಗರಲ್ಲ ಗುರಿಕಾರ್ರೆ, ನಾನೇ ಮುಳುಗಿ ಬಂದೀನಿ. ತಿಂಗಳಾಗಿತ್ತು ಮೈ ತೊಳೆದು."

ನಕ್ಕರು, ಇನ್ನೊಂದು ಬೊಗಸೆ ಕುಡಿದರು.

ಮೂರನೆಯ ದಿನ ಕುರಿಗಳು ಮೂವತ್ತೊಂದು. ನಾಲ್ಕನೆಯ ದಿನ ಇಪ್ಪತ್ತೇಳು. ಅವನು ಇಳಿದ, ಬಂದ. ಐದನೆಯ ದಿನ ಇಪ್ಪತ್ತಮೂರು. ಇಳಿದ, ಬಂದ. ಆರನೆಯ ದಿನ ಹತ್ತೊಂಬತ್ತು. ಇಳಿದ, ಬಂದ. ದಿನ ಕಳೆದಂತೆ ಅವನನ್ನು ಮುಚ್ಚುವ ಕುರಿಗಳು ಕಡಿಮೆಯಾಗುತ್ತಿದ್ದವು. ಬಂಡೆಯ ಮೇಲಿನವರು ಮಾತಿಲ್ಲದೆ ಅದನ್ನೇ ಎಣಿಸುತ್ತಿದ್ದರು. ಊರಿನಲ್ಲಿ ಕಥೆ ಹೇಳುವವರು ಬೇರೆ ಎಲ್ಲ ಬದಲಿಸಿದರೂ ಈ ಎಣಿಕೆಯನ್ನು ಬದಲಿಸುವುದಿಲ್ಲ.

ನಾಲ್ಕನೆಯ ದಿನ ಕೋಟೆಯವನೊಬ್ಬನ ತೊಡೆ ಸೀಳಿತ್ತು. ಸಣ್ಣೀರ ತನ್ನ ಕಂಬಳಿಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಕಟ್ಟಿದ್ದ. ಆರನೆಯ ದಿನ ಸಂಜೆ ಸಣ್ಣೀರನ ಹೊಟ್ಟೆಗೇ ಗುಂಡು ಬಿತ್ತು. ಏಳನೆಯ ದಿನ ಬೆಳಗಾಗುವಾಗ ಅವನು ಹೋದ.

ಮರಡಿಹಟ್ಟಿಯವರು ಸತ್ತವರನ್ನು ಕಂಬಳಿ ಹೊದಿಸದೆ ಮಣ್ಣಿಗಿಡುವುದಿಲ್ಲ. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಕಂಬಳಿಯ ಮೇಲೆ, ಕೊನೆಗೆ ಮುಚ್ಚುವುದು ಕಂಬಳಿಯಿಂದ. ಕಂಬಳಿಯಿಲ್ಲದೆ ಹೋದವನು ಆಚೆಯ ಲೋಕದಲ್ಲಿ ಯಾರ ಮಂದೆಗೂ ಸೇರುವುದಿಲ್ಲ. ಸಣ್ಣೀರನ ಕಂಬಳಿ ಇನ್ನೊಬ್ಬನ ತೊಡೆಯ ಮೇಲಿತ್ತು. ಕೋಟೆಯವರ ಹತ್ತಿರ ಇದ್ದದ್ದು ಬಿಳಿ ಹತ್ತಿಯ ದುಪ್ಪಟಿಗಳು. ಮಾಳಪ್ಪ ತನ್ನ ಕಂಬಳಿಯನ್ನು ತೆಗೆದ.

ಗುರಿಕಾರ ಅದರ ತುದಿ ಹಿಡಿದುಕೊಂಡ. "ಬ್ಯಾಡಪ್ಪ. ಅದು ಕಂಬಳಿಯಲ್ಲ, ನಮ್ಮ ಬಾವಿ."

"ಇವನ ಅವ್ವ ನನ್ನ ಕೇಳ್ತಾಳೆ ಗುರಿಕಾರ್ರೆ. ಏನು ಹೊದಿಸಿ ಕಳಿಸಿದ್ಯೋ ಅಂತಾಳೆ. ಏನು ಹೇಳ್ಲಿ?"

"ನೀರಿಗೇನು ಮಾಡ್ತೀಯಾ?"

"ನನ್ನ ಹಾಸು ಕತ್ತರಿಸೋಳಲ್ಲ ನಮ್ಮವ್ವ, ನೇಯ್ತಾ ಅವಳೆ. ಮಾವ ತತ್ತಾನೆ. ಇವತ್ತಲ್ಲ ನಾಳೆ ಬತ್ತದೆ."

ಗುರಿಕಾರ ಬಹಳ ಹೊತ್ತು ತುದಿ ಬಿಡಲಿಲ್ಲ ಎನ್ನುತ್ತಾರೆ. ಕೊನೆಗೆ ಬಿಟ್ಟ. ಸಣ್ಣೀರನನ್ನು ಬಂಡೆಯ ಹಿಂದಿನ ಮಣ್ಣಿನಲ್ಲಿ ಜರಡಿ ಕಂಬಳಿ ಹೊದಿಸಿ ಮಲಗಿಸಿದರು. ಆ ಹಗಲು ಯಾರೂ ನೀರು ಕುಡಿಯಲಿಲ್ಲ. ಕುರಿಗಳು ಹದಿನೈದು ಇದ್ದವು.

ಈಗ ಊರಿನ ಮಾತು. ಆರನೆಯ ದಿನವೇ ಕೆಂಚವ್ವ ಕಂಬಳಿ ಮುಗಿಸಿದ್ದಳು. ಮಗ್ಗದಿಂದ ಬಿಡಿಸಿ, ಎತ್ತಿ ನೋಡಿದಳು. ಅವಳ ಕೈಯಲ್ಲಿ ಅದಕ್ಕಿಂತ ಒಳ್ಳೆಯದು ಬಂದಿರಲಿಲ್ಲ. ಗಾದಿಲಿಂಗ ಹೊರಡಲು ಎದ್ದ. ಅವಳು ತಾಳು ಎಂದಳು. ಮಾಘದ ಚಳಿ, ಬಂಡೆಯ ಮೇಲಿನ ಗಾಳಿ. ಹುಡುಗ ಐದು ವರ್ಷ ಜರಡಿ ಹೊದ್ದು ನಡುಗಿದ್ದಾನೆ. ಇನ್ನೊಂದು ಗಂಜಿ ಕುಡಿಸಿದರೆ ಸೂಜಿಮೊನೆಯಷ್ಟೂ ಗಾಳಿ ಹೋಗುವುದಿಲ್ಲ ಎಂದಳು. ಒಂದು ಕಂಬಳಿಗೆ ಒಂದು ಗಂಜಿ ಎಂಬುದು ಊರಿನ ಅಳತೆ. ಅವಳು ಎರಡನೆಯದು ಕಾಸಿದಳು. ಒಂದು ಕೊಡ ನೀರು ಹಿಡಿಯಿತು. ಇನ್ನೊಂದು ಕೊಡ ಕುಡಿದು ಕುಡಿದು ಆಗಲೇ ತಳ ಕಂಡಿತ್ತು. ಕಂಬಳಿಯ ಎರಡೂ ಮೈಗೆ ಬಳಿದು ಒಂದು ಹಗಲು ಒಣಗಿಸಿದಳು.

ಬಂಡೆಯ ಮೇಲೆ ನೀರಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ.

ಏಳನೆಯ ದಿನ ಸಂಜೆ ಗಾದಿಲಿಂಗ ಹಿಂದಿನ ಇಳಿಜಾರು ಹತ್ತಿ ಬಂಡೆಗೆ ಬಂದ. ತಲೆಯ ಮೇಲೆ ಕಂಬಳಿ, ದಾರಿಗೆಂದು ಅಕ್ಕ ಕಟ್ಟಿದ ಒಂದು ಸೋರೆಬುರುಡೆ ನೀರು. ಆರು ಜೊತೆ ಕಣ್ಣು ಮೊದಲು ನೋಡಿದ್ದು ಬುರುಡೆಯನ್ನು. ಒಬ್ಬೊಬ್ಬರಿಗೆ ಎರಡು ಗುಟುಕಿಗೆ ಅದು ಮುಗಿಯಿತು. ಆಮೇಲೆ ಕಂಬಳಿಯನ್ನು ಬಿಚ್ಚಿದರು. ಗರಗರ ಎಂದು ಬಿಚ್ಚಿಕೊಂಡಿತು. ನಿಲ್ಲಿಸಿದರೆ ತಾನೇ ನಿಂತಿತು.

"ಇದೇನು ಮಾವ, ಕಂಬಳಿಯೋ ಬಾಗಿಲೋ?" ಎಂದ ಮಾಳಪ್ಪ.

"ಎರಡು ಗಂಜಿ ಕುಡಿಸ್ಯಾಳೆ ನಿಮ್ಮವ್ವ."

"ಅದಕ್ಕೆ ಎರಡು ಗಂಜಿ, ನಮಗೆ ಒಂದೂ ಇಲ್ಲ," ಎಂದನಂತೆ ತೊಡೆ ಸೀಳಿದವನು. ಬಂಡೆಯ ಮೇಲೆ ಅದು ಕೊನೆಯ ನಗೆ.

ಗಾದಿಲಿಂಗ ನಗಲಿಲ್ಲ. ಒಣಗಿ ಸೀಳಿದ ಆರು ಜನರ ತುಟಿಗಳನ್ನು ಅವನು ನೋಡುತ್ತಿದ್ದ. ಅಕ್ಕ ಆ ಎರಡನೆಯ ಗಂಜಿಯನ್ನು ಯಾವ ನೀರಿನಲ್ಲಿ ಕಾಸಿದಳು ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು.

ಎಂಟನೆಯ ದಿನ ಕುರಿಗಳು ಹನ್ನೊಂದು.

ಹೋಗಬೇಡ ಎಂದು ಗುರಿಕಾರ ಹೇಳಿದ ಎಂದು ಕೆಲವರು ಹೇಳುತ್ತಾರೆ. ಹೇಳಲಿಲ್ಲ ಎಂದು ಕೆಲವರು. ನಮ್ಮಜ್ಜಿ, ಅವನು ಬಾಯಿ ತೆರೆದ, ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿತ್ತು, ಮಾತು ಬರಲಿಲ್ಲ ಎನ್ನುತ್ತಿದ್ದಳು. ಮಾಳಪ್ಪ ಹೊಸ ಕಂಬಳಿ ಹೊದ್ದು ಇಳಿದ. ಅದು ಮೈಗೆ ಕೂರಲಿಲ್ಲ. ಗುಡಿಸಲಿನ ಮಾಡಿನಂತೆ ಬೆನ್ನ ಮೇಲೆ ನಿಂತಿತ್ತು. ಹೆಜ್ಜೆಗೊಮ್ಮೆ ಗರಗರ ಎನ್ನುತ್ತಿತ್ತು. ಕುರಿಗಳು ಬೆದರಿ ಒಂದು ಮಾರು ದೂರ ಸರಿದವು. ಅವನು ನಾಲಿಗೆಯ ಸದ್ದು ಮಾಡಿದ. ನಂಬಿ ಬಂದವು. ಹನ್ನೊಂದು ಕುರಿ ಒಬ್ಬ ಮನುಷ್ಯನನ್ನು ಎಷ್ಟು ಮುಚ್ಚಲು ಸಾಧ್ಯವೋ ಅಷ್ಟು ಮುಚ್ಚಿದವು.

ನೀರಿನ ಅಂಚಿನಲ್ಲಿ ಕಂಬಳಿ ಅದ್ದಿದ. ನೀರು ಕೆಸುವಿನ ಎಲೆಯ ಮೇಲಿಂದ ಜಾರುವಂತೆ ಜಾರಿತು. ಮತ್ತೆ ಅದ್ದಿದ. ಹನಿ ನೀರೂ ಒಳಗೆ ಇಳಿಯಲಿಲ್ಲ. ಹತ್ತು ಊರಿನವರು ಕಾದು ನಿಂತು ಕೊಳ್ಳುತ್ತಿದ್ದ ಕೈಗೆಲಸ ಅದು.

ಖಾಲಿ ಕೈಯಲ್ಲಿ ಹಿಂದಿರುಗಬಹುದಿತ್ತು.

ಅವನು ಹಿಂದಿರುಗಲಿಲ್ಲ. ಕಂಬಳಿಯನ್ನು ನೀರೊಳಗೆ ತಳ್ಳಿದ. ಅದರ ಮೇಲೆ ಮಂಡಿಯೂರಿ ತುಳಿಯತೊಡಗಿದ. ಗಂಜಿ ಬಿಡುವವರೆಗೂ ತುಳಿಯಬೇಕು, ಬೇರೆ ದಾರಿಯಿಲ್ಲ. ಅವನೂ ನೇಯುವವಳ ಮಗನೇ. ತುಳಿದ. ಒಂದು ತುದಿ ಮೆತ್ತಗಾಯಿತು. ತುಳಿದ. ಗಂಜಿ ಬಿಟ್ಟಿತು.

ಜಾಲಿಕುಂಟೆಯ ನೀರು ಕೆಂಪು. ಕೆಂಪು ನೀರಿನಲ್ಲಿ ಗಂಜಿ ಹಾಲಿನಂತೆ ಬಿಳಿಯಾಗಿ ಎದ್ದಿತು. ಗಾಳಿ ಈಚೆಯಿಂದ ಆಚೆಗೆ ಬೀಸುತ್ತಿತ್ತು. ಬಿಳಿ ನೀರು ಒಂದು ಪಟ್ಟಿಯಾಗಿ, ನಿಧಾನವಾಗಿ, ಆಚೆ ದಡದ ಕಡೆಗೆ ಸರಿಯಿತು.

ಬಂಡೆಯ ಮೇಲಿನವರು ಅದನ್ನು ಕಂಡರು. ಮಾಳಪ್ಪನ ತಲೆ ತಗ್ಗಿತ್ತು, ಅವನು ಕಾಣಲಿಲ್ಲ. ಕೂಗಿದರೆ ಅವನಿಗೂ ಕೇಳುತ್ತದೆ, ಆಚೆಯವರಿಗೂ ಕೇಳುತ್ತದೆ. ಗಾದಿಲಿಂಗ ಎದ್ದು ನಿಂತ. ಗುರಿಕಾರ ಅವನ ಕಾಲು ಹಿಡಿದು ಕೆಡವಿ, ಬಾಯಿಯ ಮೇಲೆ ಅಂಗೈ ಒತ್ತಿದ. ಹಾಗೆಯೇ ನೋಡಿದರು. ಬಿಳಿ ಪಟ್ಟಿ ಕುಂಟೆಯ ನಡುವನ್ನು ದಾಟಿತು. ಆಚೆ ದಡದಲ್ಲಿ ಒಬ್ಬ ಕುದುರೆಗೆ ನೀರು ಕುಡಿಸುತ್ತಿದ್ದ. ಅವನ ಕಾಲ ಬುಡದ ನೀರು ಬಿಳಿಯಾಯಿತು. ಬೊಗಸೆಯಲ್ಲಿ ಎತ್ತಿ ನೋಡಿದ. ಆಮೇಲೆ ತಲೆಯೆತ್ತಿ, ಬಿಳಿಯ ಜಾಡು ಹಿಡಿದು, ಅದು ಎಲ್ಲಿಂದ ಬಂತು ಎಂದು ನೋಡಿದ.

ಅಷ್ಟರಲ್ಲಿ ಕಂಬಳಿಯ ಅರ್ಧ ನೀರು ಕುಡಿದಿತ್ತು. ಮಾಳಪ್ಪ ಅದನ್ನು ಹೊದ್ದು ಹೊರಟ. ಎಪ್ಪತ್ತು ಹೆಜ್ಜೆ ಬಂದಿದ್ದ. ಕೋವಿಯ ಸದ್ದಾಯಿತು. ಕುರಿಗಳು ಚೆದುರಿ ಓಡಿದವು. ಇಳಿಜಾರಿನಲ್ಲಿ ಅವನೊಬ್ಬನೇ ಉಳಿದ.

ಆಮೇಲೆ ಅವನು ನಡೆದ ಎನ್ನುತ್ತಾರೆ, ಹಾರಿದ ಎನ್ನುತ್ತಾರೆ. ನಡೆಯಲಿಲ್ಲ, ಹಾರಲಿಲ್ಲ. ತೆವಳಿದ. ಇನ್ನೂರ ಎಪ್ಪತ್ತು ಹೆಜ್ಜೆ ತೆವಳಿದ. ಒದ್ದೆ ತುದಿಯನ್ನು ನೆಲಕ್ಕೆ ತಾಗದಂತೆ ಎದೆಗೆ ಅವಚಿಕೊಂಡಿದ್ದ, ನೀರು ಸೋರಬಾರದು ಎಂದು. ಬಂಡೆಯ ಬುಡಕ್ಕೆ ಬಂದಾಗ ಮೇಲಿನವರು ಕಂಬಳಿಯ ತುದಿ ಹಿಡಿದು ಅವನನ್ನು ಎಳೆದುಕೊಂಡರು.

ಸಾಯುವ ಮೊದಲು ಊರಿಗೆ, ತಾಯಿಗೆ, ದೇವರಿಗೆ ಬಹಳ ಮಾತು ಹೇಳಿದ ಎಂದು ಹಾಡಿನಲ್ಲಿ ಬರುತ್ತದೆ. ನಮ್ಮಜ್ಜಿ ಹೇಳಿದ್ದು ಒಂದೇ ಮಾತು.

"ಹಿಂಡ್ರಿ," ಎಂದ.

ಹಿಂಡಿದರು. ಬಿಳಿಯೂ ಕೆಂಪೂ ಬೆರೆತ ನೀರು ಬಂತು. ಒಬ್ಬೊಬ್ಬರಿಗೆ ಒಂದು ಬೊಗಸೆ. ಕುಡಿದರು. ಕುಡಿಯದೆ ಒಂಬತ್ತನೆಯ ದಿನ ಇರಲಿಲ್ಲ. ಇದನ್ನು ಹೇಳುವಾಗ ಮರಡಿಹಟ್ಟಿಯ ಯಾವ ಮುದುಕನೂ ಕೇಳುವವರ ಮುಖ ನೋಡುವುದಿಲ್ಲ.

ಕಂಬಳಿಯನ್ನು ಗುರಿಕಾರ ಎರಡು ಮಾಡಿದ. ಒಂದು ಅರ್ಧವನ್ನು ಮಾಳಪ್ಪನಿಗೆ ಹೊದಿಸಿ ಸಣ್ಣೀರನ ಪಕ್ಕದಲ್ಲಿ ಮಣ್ಣಿಗಿಟ್ಟರು. ಇನ್ನೊಂದು ಅರ್ಧವನ್ನು ಇಟ್ಟುಕೊಂಡರು. ಮತ್ತೊಬ್ಬ ಇಳಿಯಬೇಕಾಗಿ ಬಂದರೆ ಎಂದು. ಬರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ, ಎಲ್ಲರೂ ಹೊಳೆ ದಾಟಿದರು ಎಂಬ ಹೊಗೆಯ ಗುರುತು ಮೂಡಣದಲ್ಲಿ ಎದ್ದಿತು. ತೊಡೆ ಸೀಳಿದವನನ್ನು ಹೊತ್ತುಕೊಂಡು ನಾಲ್ವರು ಹಿಂದಿನ ಇಳಿಜಾರು ಇಳಿದರು. ಗಾದಿಲಿಂಗ ಎಲ್ಲರಿಗಿಂತ ಹಿಂದೆ ಬಂದ.

ಕೆಂಚವ್ವ ಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಟು ಕಟ್ಟಿಟ್ಟಿದ್ದಳು, ಮಗ ಬಂದೊಡನೆ ಹೊರಡುವುದೆಂದು. ದೂರದಿಂದ ಬಂದವರಿಗೆ ಮೊದಲು ನೀರು ಕೊಡುವುದು ಪದ್ಧತಿ. ತನಗೆಂದು ಉಳಿಸಿಕೊಂಡಿದ್ದ ಕೊನೆಯ ತಂಬಿಗೆಯನ್ನು ತಂದು ಹಿಡಿದಳು.

"ಮೊದಲು ನೀರು ಕುಡೀರಪ್ಪ. ಮಾತು ಆಮೇಲೆ."

ಒಬ್ಬನೂ ಕೈ ಚಾಚಲಿಲ್ಲ.

ತಂಬಿಗೆ ಹಿಡಿದ ಅವಳ ಕೈ ಹಾಗೆಯೇ ಇತ್ತು. ಅವಳು ಐವರನ್ನು ಎಣಿಸಿದಳು. ತಮ್ಮನನ್ನು ನೋಡಿದಳು. 

ಗುರಿಕಾರ ಅರ್ಧ ಕಂಬಳಿಯನ್ನು ಅವಳ ಮುಂದೆ ಇಟ್ಟ. ನಿನ್ನ ಮಗ ಹುಲಿಯ ಹಾಗೆ ಸತ್ತ ತಾಯಿ, ಹತ್ತು ಜನರನ್ನು ಕೆಡವಿ ಸತ್ತ ಎಂದ. ದಾರಿಯುದ್ದಕ್ಕೂ ಹಾಗೆ ಹೇಳಬೇಕೆಂದು ಮಾತಾಡಿಕೊಂಡಿದ್ದರು. ನಿಜ ಹೇಳಬಾರದು ಎಂದು ಕಂಬಳಿ ಮುಟ್ಟಿ ಆಣೆ ಹಾಕಿದ್ದರು. ಆದರೆ ಅದನ್ನು ಕೊಟ್ಟದ್ದು ನೇಯ್ದವಳ ಕೈಗೆ. ಅವಳು ತಂಬಿಗೆ ಕೆಳಗಿಟ್ಟು ಕಂಬಳಿಯ ಮೇಲೆ ಅಂಗೈ ಸವರಿದಳು. ಒಂದು ಕಡೆ ಹಲಗೆಯ ಹಾಗೆ ಬಿಗಿ. ಸವರುತ್ತ ಸವರುತ್ತ ಒಂದು ಮೂಲೆಗೆ ಬಂದಳು. ಅಲ್ಲಿ ಮರಿಯ ಕಿವಿಯಂತೆ ಮೆತ್ತಗಿತ್ತು. ಕೈ ನಿಂತಿತು.

"ಗಂಜಿ ಯಾರು ತೊಳೆದರು?"

ಅವಳು ತಲೆಯೆತ್ತಿ ಅವರ ಒಡೆದ ತುಟಿಗಳನ್ನು ನೋಡಿದಳು.

"ನೀರಿತ್ತಾ ಅಲ್ಲಿ, ನಿಮಗೆ?"

ಗಾದಿಲಿಂಗ ನೆಲ ನೋಡುತ್ತ, ಇರಲಿಲ್ಲ ಅಕ್ಕ ಎಂದ.

ಅವಳು ಅಳಲಿಲ್ಲ ಎನ್ನುತ್ತಾರೆ. ಗುರಿಕಾರನ ಕಡೆಗೆ ತಿರುಗಿ ಒಂದು ಮಾತು ಕೇಳಿದಳು. ನೇಯುವವರು ಮಾತ್ರ ಕೇಳುವ ಮಾತು ಅದು.

"ಎಷ್ಟು ಹೊತ್ತು ತುಳಿದ?"

ಗುರಿಕಾರ ತಿಪ್ಪಣ್ಣ ಮೂರು ದಂಡು ಕಂಡವನು. ಅವನು ಆ ಬಾಗಿಲಲ್ಲಿ ಕುಸಿದು ಕೂತ.

ಅವರೂ ಊರು ಬಿಟ್ಟ ಮೇಲೆ ಪಡುವಣದ ದಂಡು ಖಾಲಿ ಊರನ್ನು ಹೊಕ್ಕು, ಕಳ್ಳಿ ಬಿದ್ದ ಬಾವಿಗಳನ್ನು ಕಂಡು, ಎರಡು ದಿನದಲ್ಲಿ ಹಿಂದೆ ಹೋಯಿತು. ಹೊಳೆ ದಾಟಿದವರು ಯುಗಾದಿಯ ಹೊತ್ತಿಗೆ ಮರಳಿ ಬಂದರು. ಕೆಂಚವ್ವ ಮತ್ತೆ ಮಗ್ಗಕ್ಕೆ ಇಳಿದಳು, ಅದಿಲ್ಲದೆ ಹೊಟ್ಟೆ ನಡೆಯುತ್ತಿರಲಿಲ್ಲ. ಆದರೆ ನೇಯ್ದ ಪ್ರತಿ ಕಂಬಳಿಯನ್ನೂ ಹೊತ್ತುಕೊಂಡು ಜಾಲಿಕುಂಟೆಗೆ ಹೋಗುತ್ತಿದ್ದಳು. ಮಗ ಮಂಡಿಯೂರಿದ ಅಂಚಿನಲ್ಲಿ ಅದನ್ನು ನೀರಿಗಿಟ್ಟು ತುಳಿಯುತ್ತಿದ್ದಳು. ಕೊಳ್ಳಲು ಬಂದವರು, ಯಾಕವ್ವ ಚೆನ್ನಾಗಿರೋ ಕಂಬಳಿ ಕೆಡಿಸ್ತೀಯಾ ಎಂದು ಬೈದರು. ಅವಳು ಕೊಳ್ಳುವವರ ಮಾತಿಗೆ ತುಳಿಯುವುದನ್ನು ನಿಲ್ಲಿಸಲಿಲ್ಲ. ಮೊದಮೊದಲು ಅವಳೊಬ್ಬಳೇ ಹೋಗುತ್ತಿದ್ದಳು. ಒಂದು ದಿನ ಸಣ್ಣೀರನ ತಾಯಿ ಜೊತೆಗೆ ಹೋದಳು. ಆಮೇಲೆ ಇನ್ನೊಬ್ಬಳು.

ಈಗಲೂ ಹಾಗೆಯೇ. ಮಳೆಗಾಲದಲ್ಲಿ ಮರಡಿಹಟ್ಟಿಯ ಕಂಬಳಿ ಬೇರೆ ಊರಿನದರಷ್ಟು ತಡೆಯುವುದಿಲ್ಲ. ಸಂತೆಯಲ್ಲಿ ಅದನ್ನು ಕೈಯಲ್ಲಿ ಮುದುರಿ ನೋಡಿ, ಮೆತ್ತಗಿದೆ ಎಂದು ಬಿಟ್ಟುಹೋಗುತ್ತಾರೆ. ಊರಿನವರು ವಾದಿಸುವುದಿಲ್ಲ. ಮಗ್ಗಕ್ಕೆ ಗಂಜಿ ಕಾಸುವ ಮೊದಲು ಮನೆಯ ಹೆಂಗಸು ಬೀದಿಗೆ ಬಂದು ಮೂರು ಸಲ ಕೂಗುತ್ತಾಳೆ: "ನೀರು ಬೇಕಾದೋರು ಯಾರಾದ್ರೂ ಅದೀರಾ?" ನಲ್ಲಿ ಬಂದಿದ್ದರೂ ಕೂಗುತ್ತಾಳೆ. ಯಾರೂ ಇಲ್ಲವೆಂದು ಖಚಿತವಾದ ಮೇಲೆಯೇ ಒಲೆ ಹಚ್ಚುತ್ತಾಳೆ.

ಊರಿನಿಂದ ಯಾವ ಹುಡುಗನಾದರೂ ದಂಡಿಗೆ ಸೇರಿ ಹೊರಟರೆ, ಅವನಿಗೊಂದು ಹೊಸ ಕಂಬಳಿ. ಮನೆಯವರು ಅದನ್ನು ನಡುಹಗಲಿನಲ್ಲಿ ಜಾಲಿಕುಂಟೆಗೆ ಒಯ್ದು ತುಳಿಯುತ್ತಾರೆ, ಬಿಳಿ ನೀರು ಹೋಗುವವರೆಗೂ. ನಾನು ನೇಯುವವರ ಮನೆಯವನಲ್ಲ. ಆದರೆ ನಮ್ಮ ಮನೆಯ ಹುಡುಗ ಹೊರಟಾಗ ಒಂದು ಸಲ ನಾನೂ ತುಳಿದಿದ್ದೇನೆ. ಚೆನ್ನಾಗಿಯೇ ತುಳಿದೆ. ನೀರು ತಿಳಿಯಾದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ದಡಕ್ಕೆ ಬಂದೆ.

ತುಳಿಯುವಾಗ ಊರಿನವರು ದಡದಲ್ಲಿ ನಿಂತಿರುತ್ತಾರೆ. ಯಾರೂ ಮಾತಾಡುವುದಿಲ್ಲ. ಒಬ್ಬ ಹಿರಿಯ ಮಾತ್ರ ಆಗಾಗ ಕೇಳುತ್ತಾನೆ.

"ತಿಳಿಯಾಯ್ತಾ?"

ನೀರಿನಲ್ಲಿರುವ ತಾಯಿ ತಲೆಯೆತ್ತುವುದಿಲ್ಲ.

"ಇನ್ನೂ ಇಲ್ಲ," ಎನ್ನುತ್ತಾಳೆ. ತುಳಿಯುತ್ತಾಳೆ.